ಹೂಂಗುಟ್ಟುವ ಹುಡುಗಿ ಮತ್ತು ಡೆಸ್ಕಿನ ಫ್ರಿಜ್

ಅವಳಿಗೆ ಆ ಅಡ್ಡಹೆಸರು ಬಿದ್ದದ್ದು ಟಿ.ವಿ. ವಾಹಿನಿಯೊಂದರ ಸಂಕಲನ ಕೊಠಡಿಯಲ್ಲಿ. ಕಿಟಕಿಯಿಲ್ಲದ ಕೋಣೆ, ಎರಡು ಪರದೆ, ಸ್ಪಂಜು ಹೊರಗೆ ಇಣುಕುತ್ತಿದ್ದ ಒಂದು ತಿರುಗುಕುರ್ಚಿ. ಕುರ್ಚಿಯಲ್ಲಿದ್ದ ಸಂಕಲನಕಾರ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಂದೇ ತುಣುಕನ್ನು ಹಿಂದೆ ಮುಂದೆ ಓಡಿಸುತ್ತಿದ್ದ. ತುಣುಕಿನಲ್ಲಿ ಮಾತಾಡುತ್ತಿದ್ದವನು ಬ್ರೇಕ್ ಕೈಕೊಟ್ಟ ಬಸ್ಸನ್ನು ಮರಳಿನ ರಾಶಿಗೆ ಹತ್ತಿಸಿ ಪ್ರಯಾಣಿಕರನ್ನೆಲ್ಲ ಉಳಿಸಿದ ಚಾಲಕ. ಹೇಳುತ್ತಿದ್ದದ್ದು ಎದೆ ನಡುಗಿಸುವ ವಿಷಯವೇ. ಆದರೆ ಅವನು ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ ಪರದೆಯಾಚೆಯಿಂದ ಒಂದು ಹೆಣ್ಣುದನಿ ‘ಹೂಂ’ ಎನ್ನುತ್ತಿತ್ತು. ಬ್ರೇಕ್ ಒತ್ತಿದೆ. ಹೂಂ. ಹಿಡೀಲೇ ಇಲ್ಲ. ಹೂಂ. ಎದುರಿಗೆ ಸ್ಕೂಲು. ಹೂಂ.

ಸಂಕಲನಕಾರ ಹೆಡ್‌ಫೋನ್ ತೆಗೆದು, ಹಿಂದೆ ನಿಂತಿದ್ದ ಇಂಟರ್ನ್ ಕಡೆಗೆ ಕುರ್ಚಿ ತಿರುಗಿಸಿದ.

“ಬಸ್ ಓಡಿಸ್ತಿದ್ದಿದ್ದು ಅವನಾ, ನೀನಾ?”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಆ ಮಧ್ಯಾಹ್ನದಿಂದ ಅವಳು ಎಲ್ಲರಿಗೂ ‘ಹೂಂ’ ಆದಳು. ಹೂಂ ಬಂದ್ಲಾ, ಹೂಂ ಊಟಕ್ಕೆ ಹೋದ್ಲಾ, ಮೈಕು ಹೂಂ ಕೈಗೆ ಮಾತ್ರ ಕೊಡ್ಬೇಡಿ.

ಈ ಅಭ್ಯಾಸ ಅವಳಿಗೆ ಮನೆಯಿಂದ ಬಂದದ್ದು. ಮನೆಯೆಂದರೆ ಒಂದು ನಡುಕೋಣೆ, ಒಂದು ಅಡುಗೆಮನೆ, ಮಹಡಿಗೆ ಹೋಗುವ ಮೆಟ್ಟಿಲ ಕೆಳಗೆ ಒಂದು ಮಂಚ. ನಡುಕೋಣೆಯ ಕಿಟಕಿ ಪಕ್ಕದಲ್ಲಿ ಅಮ್ಮನ ಹೊಲಿಗೆ ಯಂತ್ರ. ಅಮ್ಮ ಹೊಸ ಬಟ್ಟೆ ಹೊಲಿಯುವುದಿಲ್ಲ. ದಪ್ಪಗಾದವರ ಬಟ್ಟೆ ಬಿಚ್ಚಿ ಹಿಗ್ಗಿಸುವುದು, ತೆಳ್ಳಗಾದವರದ್ದು ಹಿಡಿಯುವುದು, ಜಿಪ್ಪು ಕೆಟ್ಟರೆ ಬದಲಿಸುವುದು, ಇಷ್ಟೇ ಕೆಲಸ. ಮೆಟ್ಟಿಲ ಕೆಳಗಿನ ಮಂಚದಲ್ಲಿ ತಾತ. ತಾತ ದಿನಾ ಸಂಜೆ ಕಥೆ ಹೇಳುತ್ತಿದ್ದರು, ಅವರದೊಂದು ಷರತ್ತಿತ್ತು: ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು, ರಾಜಕುಮಾರ ಬಾವಿಯ ಮಧ್ಯದಲ್ಲೇ ಹಗ್ಗ ಹಿಡಿದು ನೇತಾಡುತ್ತಿರಬೇಕಾಗುತ್ತಿತ್ತು. ಅಮ್ಮನಿಗೆ ಯಂತ್ರದ ಸದ್ದು, ಅಪ್ಪನಿಗೆ ಕೆಲಸದ ಪಾಳಿ. ಹೀಗಾಗಿ ರಾಜಕುಮಾರರನ್ನು ಮೇಲೆತ್ತುವ ಹೊಣೆಯೆಲ್ಲ ಈ ಹುಡುಗಿಯದ್ದಾಯಿತು. ತಾತ ಹೋದರು, ಹೂಂ ಉಳಿಯಿತು.

ಪತ್ರಿಕೋದ್ಯಮ ಓದುತ್ತೇನೆಂದು ಅವಳು ಹೇಳಿದಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಮೂಗು ಮುರಿದದ್ದು ಚಿಕ್ಕಮ್ಮ ಒಬ್ಬಳೇ. ಚಿಕ್ಕಮ್ಮನದು ಎರಡು ಬೀದಿ ಆಚೆ ಕನ್ನಡಕದ ಅಂಗಡಿ. ಗಾಜಿನ ಕಪಾಟುಗಳ ನಡುವೆ ಕನ್ನಡಿ, ಕನ್ನಡಿಯ ಎದುರು ಗಿರಾಕಿಯ ಸ್ಟೂಲು, ಕೌಂಟರಿನ ಹಿಂದೆ ಎರಡು ಕುರ್ಚಿ. ಒಂದರಲ್ಲಿ ಚಿಕ್ಕಮ್ಮ ಕೂರುತ್ತಿದ್ದಳು. ಇನ್ನೊಂದು ಅಕ್ಕನ ಮಗಳಿಗೆ ಎಂದು ಅವಳು ಬಹಳ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದಳು. ಬೇರೆ ಯಾರಾದರೂ ಅದರಲ್ಲಿ ಕೂತರೆ ಎಬ್ಬಿಸಿ ಕಳಿಸುತ್ತಿದ್ದಳು. ಕೊನೆಗೆ ಅಮ್ಮ, ಚಿಕ್ಕಮ್ಮ, ಹುಡುಗಿ ಮೂವರೂ ಕೂತು ಒಂದು ಒಪ್ಪಂದಕ್ಕೆ ಬಂದರು. ಕೊನೆಯ ವರ್ಷ ಮೂರು ಕಡೆ ಇಂಟರ್ನ್‌ಶಿಪ್ ಮಾಡಬೇಕೆಂಬುದು ಕಾಲೇಜಿನ ನಿಯಮ. ಆ ಮೂರರಲ್ಲಿ ಒಂದು ಕಡೆಯಾದರೂ ‘ಇಲ್ಲೇ ಇರು’ ಅಂದರೆ ಸರಿ. ಇಲ್ಲದಿದ್ದರೆ ಮರುಮಾತಿಲ್ಲದೆ ಕನ್ನಡಕದ ಅಂಗಡಿ.

“ಅಲ್ಲೂ ಜನರ ಮುಖ ನೋಡೋ ಕೆಲಸಾನೇ ಕಣೇ,” ಎಂದಿದ್ದಳು ಚಿಕ್ಕಮ್ಮ. “ನಿನ್ನ ಪೇಪರಿನವರ ಹಾಗೆ ಬೈಸ್ಕೊಳ್ಳೋದು ಮಾತ್ರ ಇರಲ್ಲ.”

ಹುಡುಗಿಗೆ ಅಂಗಡಿಯ ಮೇಲೆ ಸಿಟ್ಟೇನೂ ಇರಲಿಲ್ಲ. ಆದರೆ ಬೆಳಿಗ್ಗೆ ಎದ್ದು ಯಾರ ಮನೆಯ ಬಾಗಿಲು ತಟ್ಟುತ್ತೇನೋ ಗೊತ್ತಿಲ್ಲ ಎನ್ನುವ ಆ ಪುಳಕ ಗಾಜಿನ ಕಪಾಟಿನ ಹಿಂದೆ ಸಿಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದಿಲ್ಲದೆ ಇರಲಾರೆ ಎಂಬುದೂ.

ಮೊದಲ ಇಂಟರ್ನ್‌ಶಿಪ್ ಒಂದು ಸಣ್ಣ ವಾರಪತ್ರಿಕೆಯಲ್ಲಿ. ಮುದ್ರಣಾಲಯದ ಮೇಲಿನ ಒಂದೇ ಕೋಣೆ ಅದರ ಕಚೇರಿ. ಕೆಳಗೆ ಯಂತ್ರ ಓಡಿದರೆ ಮೇಲೆ ಲೋಟದ ಚಹಾ ಅಲುಗುತ್ತಿತ್ತು. ಸಂಪಾದಕ, ವರದಿಗಾರ, ಕರಡು ತಿದ್ದುವವನು ಎಲ್ಲವೂ ಒಬ್ಬರೇ. ಆ ಮನುಷ್ಯನಿಗೆ ಒಂದು ನೇಮವಿತ್ತು. ಯಾರ ಬಗ್ಗೆ ಬರೆದರೂ ಅಚ್ಚಿಗೆ ಹೋಗುವ ಮುನ್ನ ಅವರಿಗೇ ಓದಿ ಹೇಳಬೇಕು. ಹೊಗಳಿಕೆಯಾದರೂ ಓದು, ತೆಗಳಿಕೆಯಾದರೂ ಓದು, ತಪ್ಪಿದ್ದರೆ ಅವರೇ ಹೇಳುತ್ತಾರೆ ಎನ್ನುವುದು ಅವರ ವಾದ. ಹುಡುಗಿ ಫೋನಿನಲ್ಲಿ ಓದಿ ಓದಿ ಗಂಟಲು ಕಟ್ಟಿಸಿಕೊಂಡಳು. ಒಬ್ಬ ಗುತ್ತಿಗೆದಾರ ತನ್ನ ಮೇಲಿನ ಆರೋಪವನ್ನು ಪೂರ್ತಿ ಕೇಳಿ, ಎರಡನೇ ಸಾಲಿನಲ್ಲಿ ಸೇತುವೆಯ ಹೆಸರು ತಪ್ಪಾಗಿದೆ, ಮಿಕ್ಕದ್ದೆಲ್ಲ ಸರಿ ಅಂದನಂತೆ. ಕೆಲಸ ಅವಳಿಗೆ ಹಿಡಿಸಿತು. ಅವಳ ಕೆಲಸ ಸಂಪಾದಕರಿಗೂ ಹಿಡಿಸಿತು. ಕೊನೆಯ ದಿನ ಅವರು ಅವಳನ್ನು ಕರೆದು ಕೋಣೆಯ ಸುತ್ತ ಕೈ ತೋರಿಸಿದರು.

“ನೋಡಮ್ಮ, ಇಲ್ಲಿರೋದು ಒಂದೇ ಕುರ್ಚಿ. ಅದ್ರಲ್ಲಿ ನಾನು ಕೂತಿದೀನಿ. ನಾನು ಏಳೋ ಹಾಗೆ ಕಾಣ್ಸಲ್ಲ.”

ಎರಡನೆಯದು ಟಿ.ವಿ. ಅಲ್ಲಿ ಆದದ್ದು ಗೊತ್ತೇ ಇದೆ. ಮೈಕು ಹಿಡಿದು ಮಾತಿನ ಮಧ್ಯಕ್ಕೆ ನುಗ್ಗಿ ಪ್ರಶ್ನೆ ಎಸೆಯಬೇಕಾದ ಕಡೆ ಅವಳು ಎದುರಿನವರು ಮುಗಿಸಲೆಂದು ಕಾಯುತ್ತಿದ್ದಳು. ಅವರು ಮುಗಿಸುವಷ್ಟರಲ್ಲಿ ಬೇರೆ ವಾಹಿನಿಗಳಲ್ಲಿ ಅದು ಹಳೇ ಸುದ್ದಿಯಾಗಿರುತ್ತಿತ್ತು. ಅವಳಿಗೆ ಕೊಟ್ಟ ಪ್ರಮಾಣಪತ್ರದಲ್ಲಿ ‘ಉತ್ತಮ ಕೇಳುಗರು’ ಎಂದು ಬರೆದಿದ್ದರು. ವಾಹಿನಿಯ ಭಾಷೆಯಲ್ಲಿ ಅದು ಬೈಗುಳ ಎಂದು ಕ್ಯಾಮೆರಾದವನು ಲಿಫ್ಟಿನಲ್ಲಿ ಕೆಳಗಿಳಿಯುವಾಗ ಅವಳಿಗೆ ಬಿಡಿಸಿ ಹೇಳಿದ. ಆ ವಾರ ಚಿಕ್ಕಮ್ಮ ಖಾಲಿ ಕುರ್ಚಿಗೆ ಹೊಸ ಮೆತ್ತೆ ಹಾಕಿಸಿದಳು.

ಮೂರನೆಯದು, ಕೊನೆಯದು, ದೊಡ್ಡ ದಿನಪತ್ರಿಕೆಯ ಸುದ್ದಿ ತಿದ್ದುವ ಡೆಸ್ಕಿನಲ್ಲಿ. ಉದ್ದನೆಯ ಹಾಲ್, ಸಾಲು ಮೇಜು, ಯಾವಾಗಲೂ ಯಾರೋ ಒಬ್ಬರು ಹುಡುಕುತ್ತಿರುವ ಚಾರ್ಜರು. ಡೆಸ್ಕಿನ ಮೇಲೆ ಮುಖ್ಯ ಉಪಸಂಪಾದಕರ ಆಳ್ವಿಕೆ. ಎಲ್ಲರೂ ಅವರನ್ನು ಚೀಫ್ ಎನ್ನುತ್ತಿದ್ದರು. ಜೀವಮಾನವಿಡೀ ತಲೆಬರಹ ಕೊಟ್ಟೂ ಕೊಟ್ಟೂ ಅವರಿಗೆ ಮಾತೂ ಅದೇ ಅಳತೆಯಲ್ಲಿ ಬರುತ್ತಿತ್ತು. ಮೂರು ಪದ ಮೀರಿದರೆ ಎರಡನೇ ಸಾಲಿಗೆ ಹೋಗುತ್ತದೆ ಎಂಬ ಭಯವಿದ್ದಂತೆ. ಚಹಾ ಬೇಕಿದ್ದರೆ ‘ಚಹಾ: ಇನ್ನೂ ವಿಳಂಬ’ ಎನ್ನುವರು. ಏನನ್ನಾದರೂ ಓದುವಾಗ ಕೆಂಪು ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಿದ್ದರು. ಮುಚ್ಚಳ ಬಾಯಿಂದ ಹೊರಬಂತೆಂದರೆ ಬರೆದವನ ಕಥೆ ಮುಗಿಯಿತೆಂದು ಡೆಸ್ಕಿನವರು ತಿಳಿಯುತ್ತಿದ್ದರು.

ಒಂದು ಬೆಳಿಗ್ಗೆ ಚೀಫ್ ಅವಳ ಮೇಜಿನ ಪಕ್ಕ ಹಾದುಹೋಗುತ್ತಾ ಹೇಳಿದರು: “ಫ್ರಿಜ್. ಮ್ಯಾಜಿಕ್ ಮೇಷ್ಟ್ರು. ಸರಿಮಾಡಿಡು.”

ಎಲ್ಲ ಪತ್ರಿಕೆಗಳಲ್ಲೂ ಒಂದು ಹಳೆಯ ರೂಢಿಯಿದೆ. ವಯಸ್ಸಾದ, ಹೆಸರಾದ ಮಂದಿಯ ನಿಧನದ ಲೇಖನವನ್ನು ಅವರು ಬದುಕಿರುವಾಗಲೇ ಬರೆದಿಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಆ ದಿನ ಅವಸರದಲ್ಲಿ ಏನು ಬರೆಯುವುದು? ದಿನಾಂಕ ಮತ್ತು ವಯಸ್ಸು ಇರಬೇಕಾದ ಕಡೆ ಒಂದೊಂದು ಗೆರೆ ಎಳೆದು ಬಿಟ್ಟಿರುತ್ತಾರೆ. ಈ ಲೇಖನಗಳನ್ನಿಡುವ ಕಂಪ್ಯೂಟರ್ ಫೋಲ್ಡರಿಗೆ ಈ ಡೆಸ್ಕಿನಲ್ಲಿ ಫ್ರಿಜ್ ಎಂದು ಹೆಸರು. ಅದು ಇದೆಯೆಂದು ಹೊರಗಿನವರಿಗೆ ಗೊತ್ತಾಗಬಾರದು, ಅದರಲ್ಲಿರುವವರಿಗಂತೂ ಗೊತ್ತಾಗಲೇಬಾರದು. ಇದು ಡೆಸ್ಕಿನ ಎಲ್ಲರಿಗೂ ತಿಳಿದ ವಿಷಯವಾದ್ದರಿಂದ ಯಾರೂ ಅದನ್ನು ಅವಳಿಗೆ ಹೇಳಿರಲಿಲ್ಲ.

ಹಿಂದಿನ ವಾರ ಮ್ಯಾಜಿಕ್ ಮೇಷ್ಟ್ರು ಆಸ್ಪತ್ರೆ ಸೇರಿದ್ದಾರೆಂಬ ಸುದ್ದಿ ಚೀಫ್ ಕಿವಿಗೆ ಬಿದ್ದಿತ್ತು. ಅಷ್ಟಕ್ಕೇ ಅವರು ಲೇಖನ ನೋಡಿಡಲು ಹೇಳಿದ್ದು. ಮೇಷ್ಟ್ರು ಎಂದರೆ ಒಂದು ಕಾಲಕ್ಕೆ ಶಾಲೆಗಳಲ್ಲಿ, ಸಭಾಭವನಗಳಲ್ಲಿ ಮಕ್ಕಳನ್ನು ಬಾಯಿ ಬಿಟ್ಟುಕೊಂಡು ಕೂರಿಸಿದ ಜಾದೂಗಾರ. ಈಗಿನ ಹಿರಿಯರೆಲ್ಲ ಆಗಿನ ಆ ಮಕ್ಕಳು. ಹುಡುಗಿ ಫೋಲ್ಡರ್ ತೆರೆದಳು. ‘ಖ್ಯಾತ ಜಾದೂಗಾರ… ಅವರು ____ ರಂದು ನಿಧನರಾದರು. ಅವರಿಗೆ ____ ವರ್ಷ ವಯಸ್ಸಾಗಿತ್ತು.’ ಪಾಪ, ಹೋಗಿಬಿಟ್ಟಿದ್ದಾರೆ ಅಂದುಕೊಂಡಳು. ದಿನಾಂಕವನ್ನು ಯಾರೋ ಬರೆಯಲು ಮರೆತಿದ್ದಾರೆ. ವಾರಪತ್ರಿಕೆಯ ಸಂಪಾದಕರು ಕಲಿಸಿದ್ದು ರಕ್ತದಲ್ಲೇ ಇತ್ತು: ಮೊದಲು ಸಂಬಂಧಪಟ್ಟವರನ್ನು ಕೇಳು. ಕಚೇರಿಯ ಹಳೇ ಡೈರೆಕ್ಟರಿಯಲ್ಲಿ ಮೇಷ್ಟ್ರ ಮನೆಯ ಸಂಖ್ಯೆ ಸಿಕ್ಕಿತು. ದನಿಯನ್ನು ಆದಷ್ಟು ತಗ್ಗಿಸಿ ಫೋನ್ ಮಾಡಿದಳು.

ಎತ್ತಿದ್ದು ಒಬ್ಬ ಹೆಂಗಸು. ಮೇಷ್ಟ್ರ ಹೆಂಡತಿ ಎಂದರು. ಹುಡುಗಿ ಇಂಥ ಹೊತ್ತಿನಲ್ಲಿ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಕೇಳಿ, ತನ್ನ ಪತ್ರಿಕೆಯ ಹೆಸರು ಹೇಳಿ, ಒಂದೇ ಒಂದು ವಿವರ ಬೇಕಿತ್ತು ಅಂದಳು.

“ಏನಮ್ಮ ಅದು?”

“ದಿನಾಂಕ, ಅಮ್ಮ. ಯಜಮಾನ್ರು ತೀರ್ಕೊಂಡಿದ್ದು.”

ಆ ಹೆಂಗಸು ಫೋನನ್ನು ಪಕ್ಕಕ್ಕೆ ಹಿಡಿದು, ಒಳಗಿನ ಕೋಣೆಗೆ ಕೇಳುವಂತೆ, ತರಕಾರಿಯವನು ಬಂದಿದ್ದಾನೆ ಎನ್ನುವ ದನಿಯಲ್ಲಿ ಕೂಗಿದರು:

“ರೀ, ಸ್ವಲ್ಪ ಬನ್ನಿ ಇಲ್ಲಿ. ನೀವು ಯಾವತ್ತು ಸತ್ರಿ ಅಂತ ಪೇಪರಿನವರು ಕೇಳ್ತಿದಾರೆ.”

ಹುಡುಗಿ ಫೋನ್ ಇಟ್ಟುಬಿಡಬಹುದಿತ್ತು. ಕೈ ಬರಲಿಲ್ಲ. ಚಪ್ಪಲಿ ಎಳೆದುಕೊಂಡು ಬರುವ ಸದ್ದು, ಕುರ್ಚಿ ಸರಿಸಿದ ಸದ್ದು, ಬಳಿಕ ಸಭಾಭವನದ ಕೊನೇ ಸಾಲಿಗೂ ಮುಟ್ಟುವಂಥ ಒಂದು ಗಂಡುದನಿ.

“ಕಾರ್ಯಕ್ರಮ ಇನ್ನೂ ನಿಗದಿ ಆಗಿಲ್ಲ ಅಂತ ಬರ್ಕೊಳ್ಳಿ. ಆದ ತಕ್ಷಣ ತಿಳಿಸ್ತೀವಿ.”

ಆಸ್ಪತ್ರೆಗೆ ಸೇರಿದ್ದು ನಿಜವಂತೆ, ಕಣ್ಣಿನ ಪೊರೆ ತೆಗೆಸಲು. ಮೇಷ್ಟ್ರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಕ್ಕು ಮುಗಿಸಿ, ನನ್ನ ಬಗ್ಗೆ ಏನು ಬರೆದಿದ್ದೀರಿ ಓದಿ ನೋಡೋಣ ಅಂದರು. ಹುಡುಗಿ ಓದಿದಳು. ಆ ಕಡೆ ಫೋನ್ ಸ್ಪೀಕರಿನಲ್ಲಿತ್ತು. ಮೊದಲ ಪ್ಯಾರಾಗೆ ಮೇಷ್ಟ್ರು ಭೇಷ್ ಎಂದರು. ಎರಡು, ಮೂರು, ನಾಲ್ಕಕ್ಕೂ ಗಂಟಲಲ್ಲೇ ಮೆಚ್ಚಿದರು. ಅವರ ಹೆಸರಾಂತ ‘ಬೀಗದ ಪೆಟ್ಟಿಗೆ’ಯ ಆಟ ಅವರ ದೀರ್ಘ ಅಧ್ಯಯನದ ಫಲ ಎಂದು ಅದರಲ್ಲಿತ್ತು. ಕೊನೆಯ ಸಾಲು: ‘ಪೆಟ್ಟಿಗೆಯೊಳಗೆ ಕೂರುತ್ತಿದ್ದ ಅವರ ಪತ್ನಿ ಮತ್ತು ಅಪಾರ ಅಭಿಮಾನಿಗಳನ್ನು ಅವರು ಅಗಲಿದ್ದಾರೆ.’

“ಇಷ್ಟೇನಾ?” ಹೆಂಡತಿಯ ದನಿ. “ಇವರಿಗೆ ಒಂದು ಪುಟ, ನನಗೆ ಅರ್ಧ ಸಾಲು?”

ಮೇಷ್ಟ್ರು ಏನೋ ಹೇಳಹೋದರು. ಆಕೆ ಬಿಡಲಿಲ್ಲ. ಇದನ್ನು ಬರೆದವರು ನಾಳೆ ಸಂಜೆ ಈ ಕಾಗದ ಹಿಡಿದುಕೊಂಡು ಮನೆಗೆ ಬರಬೇಕು, ಇಲ್ಲದಿದ್ದರೆ ನಾನೇ ನಿಮ್ಮ ಕಚೇರಿಗೆ ಬರುತ್ತೇನೆ ಎಂದು ಹೇಳಿ ಫೋನ್ ಇಟ್ಟರು.

ಮುಚ್ಚಿಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ನೇರ ಚೀಫ್ ಮೇಜಿಗೆ ಹೋಗಿ ಆದದ್ದನ್ನೆಲ್ಲ ಹೇಳಿದಳು. ಅವರ ಬಾಯಿಯ ಮುಚ್ಚಳ ತಾನಾಗಿಯೇ ಕೆಳಗೆ ಬಿತ್ತು. ಡೆಸ್ಕಿನ ಈ ತುದಿಯಿಂದ ಆ ತುದಿವರೆಗೆ ಕೀಬೋರ್ಡುಗಳು ನಿಂತವು. ಅದನ್ನು ಬರೆದ ಹಳೆಯ ವರದಿಗಾರ ತೀರಿಹೋಗಿಯೇ ಎಷ್ಟೋ ವರ್ಷವಾಗಿತ್ತು. ಪಾಪ, ಅವನ ನಿಧನದ ದಿನ ಮಾತ್ರ ಫ್ರಿಜ್‌ನಲ್ಲಿ ಏನೂ ಸಿಕ್ಕಿರಲಿಲ್ಲ. ಹೋಗಬೇಕಾದವಳು ಇವಳೇ ಎಂದಾಯಿತು. ಚೀಫ್ ಅಂದು ತಮ್ಮ ಅಳತೆ ಮೀರಿ ಮಾತಾಡಿದರು.

“ಹೋಗು. ಕ್ಷಮೆ ಕೇಳು. ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋ. ಅವರು ಸುಮ್ನಾದ್ರೆ ನೀನು ಇಲ್ಲಿ ಉಳ್ಕೊಂಡೆ. ಈ ವಿಷಯ ಬೇರೆ ಪೇಪರಲ್ಲಿ ಬಂತೋ, ನಾನಲ್ಲ, ನನ್ನ ಮೇಲಿನವರು ನಿನ್ನನ್ನ ಕಳಿಸ್ತಾರೆ.”

ಮನೆಗೆ ಬಂದು ಹೇಳಿದಾಗ ಅಮ್ಮ ಯಂತ್ರ ನಿಲ್ಲಿಸಿ ಕೇಳಿದಳು. ಚಿಕ್ಕಮ್ಮ ಅಲ್ಲೇ ಇದ್ದಳು. ಬಾಯಿಗೆ ಸೆರಗು ಅಡ್ಡ ಹಿಡಿದು ಬಹಳ ಹೊತ್ತು ನಕ್ಕಳು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು.

“ಬದುಕಿರೋರನ್ನ ಸಾಯ್ಸೋದಕ್ಕಿಂತ ಕನ್ನಡಕ ಮಾರೋದು ವಾಸಿ ಅಲ್ವೇನೇ?”

ಹುಡುಗಿಗೆ ಊಟ ಅಷ್ಟಕ್ಕಷ್ಟೇ ಆಯಿತು. ಅಮ್ಮ ಚಿಕ್ಕಮ್ಮನ ಕಡೆ ಕಣ್ಣು ಬಿಟ್ಟು ಸುಮ್ಮನಾಗಿಸಿದಳು.

ಮೇಷ್ಟ್ರ ಮನೆ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ. ಗೋಡೆಗಳ ತುಂಬ ಫೋಟೋ, ಎಲ್ಲದರಲ್ಲೂ ಕಪ್ಪು ಕೋಟಿನ ಮೇಷ್ಟ್ರು, ಪಕ್ಕದಲ್ಲಿ ಪೆಟ್ಟಿಗೆ. ಪೆಟ್ಟಿಗೆ ಈಗ ಸೋಫಾ ಮುಂದೆ ಟೀಪಾಯಿಯಾಗಿತ್ತು. ಅದರ ಮೇಲೆ ಕಣ್ಣಿನ ಔಷಧಿ, ದಿನಪತ್ರಿಕೆ, ಬಿಸ್ಕತ್ತಿನ ಡಬ್ಬಿ. ಮೇಷ್ಟ್ರು ಕಪ್ಪು ಕನ್ನಡಕ ಹಾಕಿಕೊಂಡು ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೂತಿದ್ದರು. ಸಂದರ್ಶನಕ್ಕೆ ತಯಾರಾದ ಠೀವಿ. ಹೆಂಡತಿ ಪುಟ್ಟ ಆಕೃತಿಯ ಹೆಂಗಸು, ನೆಲದ ಮೇಲೆ ಕಾಲು ಮಡಚಿ ಕೂತರೆ ಒಂದು ದಿಂಬಿನಷ್ಟು ಜಾಗ ಸಾಕು. ಆ ಪೆಟ್ಟಿಗೆಯೊಳಗೆ ಆಕೆ ಹೇಗೆ ಹಿಡಿಸುತ್ತಿದ್ದರು ಎಂಬ ಪ್ರಶ್ನೆ ಅವರನ್ನು ನೋಡಿದ ಕೂಡಲೇ ಬಗೆಹರಿಯುತ್ತಿತ್ತು.

ಹುಡುಗಿ ಫ್ರಿಜ್ ಎಂದರೇನೆಂದು ಹೇಳಿ ಕ್ಷಮೆ ಕೇಳಿದಳು. ಮೇಷ್ಟ್ರು ಕೈಬೀಸಿ ಅದನ್ನು ತಳ್ಳಿಹಾಕಿ ತಿದ್ದುಪಡಿ ಶುರು ಮಾಡಿದರು. ‘ಖ್ಯಾತ’ ಎಂಬಲ್ಲಿ ‘ಸುವಿಖ್ಯಾತ’ ಆದರೆ ಒಳ್ಳೆಯದು. ಪಾರಿವಾಳಗಳ ಸಂಖ್ಯೆ ಕಡಿಮೆಯಾಗಿದೆ. ಅವಳು ಬರೆದುಕೊಳ್ಳುತ್ತಾ ಹೋದಳು. ಹೆಂಡತಿ ಇದನ್ನೆಲ್ಲ ಕೇಳುತ್ತಾ ಕೂತಿದ್ದು, ಮೇಷ್ಟ್ರು ಬೀಗದ ಪೆಟ್ಟಿಗೆಯ ಅಧ್ಯಯನಕ್ಕೆ ಬರುತ್ತಿದ್ದಂತೆ ಬಿಸ್ಕತ್ತಿನ ಡಬ್ಬಿಯನ್ನು ಎತ್ತಿ ಸದ್ದಾಗುವಂತೆ ಪೆಟ್ಟಿಗೆಯ ಮೇಲಿಟ್ಟರು.

“ಒಂದೂರಲ್ಲಿ ಪ್ರದರ್ಶನ ಇತ್ತು,” ಎಂದರು.

“ಹೂಂ,” ಎಂದಳು ಹುಡುಗಿ. ಬಾಯಿಗೆ ಬೀಗ ಹಾಕಿಕೋ ಎಂದದ್ದು ನೆನಪಿತ್ತು. ಆದರೆ ಹೂಂ ಎನ್ನಲು ಬಾಯಿ ತೆರೆಯಬೇಕಿಲ್ಲವಲ್ಲ.

ಆಗ ಆಟ ಬೇರೆಯೇ ಇತ್ತಂತೆ. ಆಕೆಯನ್ನು ಪೆಟ್ಟಿಗೆಯಲ್ಲಿ ಕೂರಿಸಿ ಬೀಗ ಹಾಕುವುದು, ಮೇಲೆ ಶಾಲು ಹೊದಿಸುವುದು, ಮಂತ್ರ ಹೇಳಿ ಬೀಗ ತೆಗೆದರೆ ಆಕೆಯ ಕೈಯಲ್ಲಿ ಹೂಗುಚ್ಛ. ಅಷ್ಟೇ. ಆ ದಿನ ಬೀಗ ತೆಗೆಯಲು ಹೋದರೆ ಬೀಗದ ಕೈ ಒಳಗೇ ಮುರಿಯಿತು. ಹೂಂ. ಸಭಾಭವನ ತುಂಬ ಶಾಲೆ ಮಕ್ಕಳು. ಮೇಷ್ಟ್ರು ಪೆಟ್ಟಿಗೆಯನ್ನು ಬೆರಳಲ್ಲಿ ತಟ್ಟಿದರು, ಚೆನ್ನಾಗಿದ್ದೀಯಾ ಎಂದು. ಈಕೆ ಒಳಗಿಂದ ತಟ್ಟಿದರು, ಚೆನ್ನಾಗಿದ್ದೇನೆ ಎಂದಲ್ಲ, ಮುಂದುವರಿಸಿ ಎಂದು. ಹೂಂ. ಮೇಷ್ಟ್ರು ಇಸ್ಪೀಟಿನ ಆಟ ಆಡಿದರು, ಕರವಸ್ತ್ರದ ಆಟ ಆಡಿದರು, ಮೊಟ್ಟೆಯ ಆಟ ಆಡಿದರು. ಬರುವ ಆಟವೆಲ್ಲ ಮುಗಿದು ಬಾರದ ಆಟವನ್ನೂ ಆಡಿದರು. ಒಳಗೆ ಈಕೆ ತಲೆಗೂದಲಿನ ಪಿನ್ನು ತೆಗೆದು, ಕತ್ತಲಲ್ಲಿ ಬೆರಳಿಂದಲೇ ತಡವಿ, ಪೆಟ್ಟಿಗೆಯ ಹಿಂಬದಿಯ ಕೀಲಿನ ತಿರುಪುಗಳನ್ನು ಒಂದೊಂದೇ ಬಿಚ್ಚುತ್ತಿದ್ದರು.

“ಬೆವರಿಗೆ ಪಿನ್ನು ಜಾರ್ತಾ ಇತ್ತು ಮಗೂ. ಇವರು ಹೊರಗಡೆ ಅದೇ ಮೊಟ್ಟೆ ಎರಡನೇ ಸಲ ತೆಗೀತಾ ಇದ್ರು. ಮಕ್ಕಳು ಕೂಗೋದು ಕೇಳಿಸ್ತು, ಇದು ಆಗ್ಲೇ ನೋಡಿದ್ವಿ ಅಂತ.”

“ಹೂಂ.”

“ಕೀಲು ಕಳಚ್ತು. ಹಿಂದಿನಿಂದ ನುಸುಳ್ದೆ. ಪರದೆ ಹಿಂದೆ ಸುತ್ತಾಕ್ಕೊಂಡು ಹೋಗಿ, ಮಕ್ಕಳು ಕೂತಿದ್ರಲ್ಲ, ಆ ಬಾಗಿಲಿಂದ ಒಳಗೆ ಬಂದೆ. ಕೈಯಲ್ಲಿ ಕೀಲು. ಪೆಟ್ಟಿಗೆಗೆ ಬೀಗ ಹಾಕಿದ ಹಾಗೇ ಇದೆ. ಇವರು ನನ್ನ ನೋಡಿ ಬೆಚ್ಚಿಬಿದ್ರು ನೋಡು, ಅಷ್ಟು ಚೆನ್ನಾಗಿ ಇವರು ಯಾವತ್ತೂ ನಟನೆ ಮಾಡಿಲ್ಲ.”

ಮಕ್ಕಳು ಎದ್ದುನಿಂತು ಕಿರುಚಿದರಂತೆ. ಮುಂದಿನ ಊರಿನಿಂದ ಅದೇ ಆಟ. ಕೀಲು ಸುಲಭಕ್ಕೆ ಕಳಚುವಂತೆ ಮಾಡಿಸಿದ್ದು ಈಕೆ. ಓಡುವ ದಾರಿ ಲೆಕ್ಕ ಹಾಕಿದ್ದು ಈಕೆ. ಊರೂರಿನ ಸಭಾಭವನದ ಹಿಂಬಾಗಿಲು ಎಲ್ಲಿದೆಯೆಂದು ಹಿಂದಿನ ದಿನವೇ ಹೋಗಿ ನೋಡಿ ಬರುತ್ತಿದ್ದದ್ದೂ ಈಕೆ. ಆ ಓಟದಲ್ಲಿ ಒಮ್ಮೆ ದಾರಿ ತಪ್ಪಿ ಪಕ್ಕದ ಮನೆಯ ಅಡುಗೆಮನೆಗೆ ಹೊಕ್ಕದ್ದು, ಅಲ್ಲಿದ್ದವರು ಕಳ್ಳಿಯೆಂದು ಹಿಡಿದಿಟ್ಟದ್ದು, ಆ ಹೊತ್ತಿಗೆ ವೇದಿಕೆಯಲ್ಲಿ ಮೇಷ್ಟ್ರು ಅವಳೀಗ ನಿಮ್ಮ ನಡುವೆಯೇ ಇದ್ದಾಳೆಂದು ಸಾರುತ್ತಾ ನಿಂತದ್ದು, ಎಲ್ಲವೂ ಒಂದರ ಹಿಂದೊಂದು ಬಂತು. ಹುಡುಗಿ ಬರೆಯುವುದನ್ನು ಯಾವಾಗಲೋ ನಿಲ್ಲಿಸಿದ್ದಳು. ಮೇಷ್ಟ್ರು ಕಪ್ಪು ಕನ್ನಡಕ ತೆಗೆದು ಪೆಟ್ಟಿಗೆಯ ಮೇಲಿಟ್ಟು, ಹೆಂಡತಿಯನ್ನೇ ನೋಡುತ್ತಾ ಕೂತಿದ್ದರು.

“ಅಧ್ಯಯನ ಅಂತ ಯಾಕೆ ಹೇಳಿದ್ರಿ?” ಎಂದು ಆಕೆ ಗಂಡನನ್ನು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ. ಬಹಳ ದಿನ ತಡೆದಿಟ್ಟ ಪ್ರಶ್ನೆಯ ಸಮಾಧಾನವಿತ್ತು.

“ಪೇಪರಿನವರು ನನ್ನ ಕೇಳಿದ್ರು. ನಾನು ಏನೋ ಒಂದು ಹೇಳ್ದೆ.”

“ನನ್ನ ಕೇಳಿದ್ರೆ ನಾನೂ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ.” ಆಕೆ ಹುಡುಗಿಯ ಕಡೆ ತಿರುಗಿದರು. “ನೀನೂ ಕೇಳ್ಲಿಲ್ಲ ಬಿಡು. ಹೂಂ ಅಂದೆ, ಅಷ್ಟೇ. ನಂಗೆ ಅಷ್ಟು ಸಾಕಾಗಿತ್ತು.”

ಮೇಷ್ಟ್ರು ‘ಸುವಿಖ್ಯಾತ’ ಬೇಡ, ‘ಖ್ಯಾತ’ವೇ ಇರಲಿ ಎಂದರು. ಆದರೆ ಹೆಂಡತಿಯದು ಒಂದು ಬೇಡಿಕೆಯಿತ್ತು. ಇದು ಫ್ರಿಜ್ಜಿಗೆ ಹೋಗಬಾರದು. ಈಗಲೇ ಅಚ್ಚಾಗಬೇಕು. ತಾವಿಬ್ಬರೂ ಸೋಫಾದಲ್ಲಿ ಕೂತು ಓದಬೇಕು. ಸತ್ತ ಮೇಲೆ ಬರುವ ಲೇಖನವನ್ನು ತಾವು ಓದುವುದು ಹೇಗೆ?

ಹುಡುಗಿಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಚೀಫ್ ಹೇಳಿ ಕಳಿಸಿದ್ದು ಬೆಂಕಿ ಆರಿಸಿ ಬಾ ಎಂದು. ಇವಳು ಇನ್ನೊಂದು ಬೇಡಿಕೆ ಹೊತ್ತು ಹೋಗುತ್ತಿದ್ದಾಳೆ. ಫ್ರಿಜ್‌ನಲ್ಲಿರುವುದು ಮುಂಚೆ ಹೊರಬಂದ ಉದಾಹರಣೆಯೇ ಇಲ್ಲ. ಅವರು ಸುಮ್ಮನಾದರು ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡರೆ ಡೆಸ್ಕಿನಲ್ಲಿ ಉಳಿಯಬಹುದು. ಹಾಗೆ ಹೇಳಿದರೆ ಅದು ಸುಳ್ಳೂ ಅಲ್ಲ. ಆದರೆ ಆ ಪುಟ್ಟ ಹೆಂಗಸು ಮತ್ತೆ ಪೆಟ್ಟಿಗೆಯೊಳಗೇ ಉಳಿಯುತ್ತಾರೆ.

ಮನೆಗೆ ಬಂದವಳೇ ಮೆಟ್ಟಿಲ ಕೆಳಗಿನ ಮಂಚದಲ್ಲಿ ಕೂತು ಬರೆಯತೊಡಗಿದಳು. ಅಮ್ಮ ಏನೂ ಕೇಳದೆ ಅವಳ ಪಕ್ಕ ತಟ್ಟೆ ಇಟ್ಟು ಹೋದಳು. ಮಾರನೆಯ ಬೆಳಿಗ್ಗೆ ಫೋನಿನಲ್ಲಿ ಇಬ್ಬರಿಗೂ ಓದಿ ಹೇಳಿದಳು. ಆಮೇಲೆ ಕಾಗದದ ಮೇಲೆ ತೆಗೆದು ಚೀಫ್ ಮುಂದಿಟ್ಟು, ಮುಂದೇನಾದರೂ ಆಗಲಿ ಎಂದು ಒಂದೇ ಉಸಿರಿಗೆ ಒದರಿದಳು.

“ಸರ್, ಅವರು ಸುಮ್ನಾಗಿದಾರೆ. ಆದ್ರೆ ಇದನ್ನ ಈಗ್ಲೇ ಹಾಕ್ಬೇಕಂತೆ. ನಂಗೂ ಹಾಕ್ಬೇಕು ಅನ್ಸುತ್ತೆ.”

ಚೀಫ್ ಮುಚ್ಚಳ ಕಚ್ಚಿಕೊಂಡು ಓದಲು ಶುರು ಮಾಡಿದರು. ಮೊದಲ ಪುಟ ಮುಗಿಯಿತು, ಮುಚ್ಚಳ ಬಾಯಲ್ಲೇ ಇತ್ತು. ಮೊಟ್ಟೆಯ ಹತ್ತಿರ ಬಂದಾಗ ಅವರ ಭುಜ ಅಲುಗಿತು. ಅಡುಗೆಮನೆಯ ಹತ್ತಿರ ಬಂದಾಗ ಕೆಂಪು ಪೆನ್ನು ಮೇಜಿನ ಮೇಲೆ ಬಿದ್ದು ಉರುಳಿತು, ಎತ್ತಿಕೊಳ್ಳಲಿಲ್ಲ. ಪೂರ್ತಿ ಓದಿ ಮುಗಿಸಿದ ಮೇಲೆಯೇ ಮುಚ್ಚಳ ಹೊರಬಂದದ್ದು.

“ಓದಿ ಹೇಳಿದ್ಯಾ? ಇಬ್ರಿಗೂ?”

“ಇಬ್ರಿಗೂ, ಸರ್.”

“ಏನಂದ್ರು?”

“ಮೇಷ್ಟ್ರ ಹೆಂಡತಿ ಒಂದು ತಿದ್ದಿಸಿದ್ರು. ಪಿನ್ನು ಕಬ್ಬಿಣದ್ದಂತೆ, ನಾನು ಹಿತ್ತಾಳೆ ಅಂತ ಬರೆದಿದ್ದೆ. ಮೇಷ್ಟ್ರು ಏನೂ ತಿದ್ದಿಸ್ಲಿಲ್ಲ. ಇನ್ನೊಂದ್ ಸಲ ಓದು ಅಂದ್ರು.”

ಚೀಫ್ ಕಿಟಕಿಯ ಕಡೆ ನೋಡಿದರು. ಆಮೇಲೆ ಎಂದಿನ ಅಳತೆಗೆ ಮರಳಿದರು: “ಭಾನುವಾರ. ಪುರವಣಿ. ಪೂರ್ತಿ ಪುಟ.”

ಲೇಖನ ಬಂದ ಮಾರನೇ ದಿನ, ಸೋಮವಾರ, ಡೆಸ್ಕಿನ ಫೋನು ಬಾಯಿ ಮುಚ್ಚಲಿಲ್ಲ. ಸಭಾಭವನದಲ್ಲಿ ಅಂದು ಕಿರುಚಿದ್ದ ಮಕ್ಕಳು ಈಗ ಮೊಮ್ಮಕ್ಕಳಿಗೆ ಓದಿ ಹೇಳಿ ಫೋನ್ ಮಾಡಿದರು. ಮೊಟ್ಟೆ ಎರಡು ಸಲ ನೋಡಿದ್ದು ತಮಗೂ ನೆನಪಿದೆ ಎಂದರು. ಅದಕ್ಕಿಂತ ಹೆಚ್ಚಿನ ತೊಂದರೆ ಬೇರೆ ಥರದ ಕರೆಗಳದ್ದು. ದಿನಾಂಕ ಕೇಳಿ ಬಂದ ಫೋನಿನ ಪ್ರಸಂಗವನ್ನೂ ಹುಡುಗಿ ಲೇಖನದಲ್ಲಿ ಬರೆದಿದ್ದಳು, ಚೀಫ್ ಅದನ್ನು ತೆಗೆದಿರಲಿಲ್ಲ. ಹೀಗಾಗಿ ಫ್ರಿಜ್ಜಿನ ಗುಟ್ಟು ಬಯಲಾಗಿತ್ತು. ಒಬ್ಬ ನಿವೃತ್ತ ಈಜು ತರಬೇತುದಾರ, ನನ್ನದು ಬರೆದಿಟ್ಟಿದ್ದೀರೋ ಇಲ್ಲವೋ ಎಂದು ಕೇಳಿದ. ಇದೆ ಎಂದರೆ, ಯಾರು ಬರೆದದ್ದು, ಪದಕಗಳ ಲೆಕ್ಕ ಸರಿಯಿದೆಯೇ ಎಂದ. ವಯಸ್ಸಾದ ಗಾಯಕಿಯೊಬ್ಬರು, ತಮ್ಮದು ಇಲ್ಲವೆಂದು ತಿಳಿದು ಫೋನಿನಲ್ಲೇ ಮುನಿಸಿಕೊಂಡರು. ಚೀಫ್ ಮಧ್ಯಾಹ್ನದವರೆಗೆ ಸಹಿಸಿ, ಕೊನೆಗೆ ಫೋನನ್ನು ಉದ್ದ ತಂತಿಸಮೇತ ಎಳೆದು ತಂದು ಹುಡುಗಿಯ ಮೇಜಿನ ಮೇಲಿಟ್ಟರು.

“ಬಾಗಿಲು ತೆರೆದವಳು ನೀನು. ನೀನೇ ನೋಡ್ಕೋ.”

“ಸರ್, ನನ್ನ ಇಂಟರ್ನ್‌ಶಿಪ್ ಈ ವಾರ ಮುಗಿಯುತ್ತೆ.”

“ಮುಗಿಯುತ್ತಾ?” ಚೀಫ್ ಹೋಗುತ್ತಿದ್ದವರು ನಿಂತರು. “ಇಲ್ಲೇ ಇರು.”

ಅವಳು ಕಾಯುತ್ತಿದ್ದದ್ದು ಅದೇ ಎರಡು ಪದ. ತಲೆಬರಹದ ಅಳತೆಗೂ ಸರಿಹೊಂದಿತ್ತು.

ನೇಮಕದ ಪತ್ರ ಕೈಗೆ ಬಂದ ದಿನ ಅವಳು ಮೊದಲು ಹೋದದ್ದು ಕನ್ನಡಕದ ಅಂಗಡಿಗೆ. ಚಿಕ್ಕಮ್ಮ ಪುರವಣಿಯ ಪುಟವನ್ನು ಕೌಂಟರಿನ ಗಾಜಿನ ಕೆಳಗೆ ಸೇರಿಸಿಟ್ಟಿದ್ದಳು, ಅಕ್ಷರ ಕಾಣುತ್ತಾ ಎಂದು ಗಿರಾಕಿಗಳ ಕಣ್ಣು ಪರೀಕ್ಷೆಗೆ ಅದನ್ನೇ ಓದಿಸುತ್ತಿದ್ದಳು. ಕೆಲಸ ಸಿಕ್ಕಿತೆಂದಾಗ ಅವಳ ಮುಖ ಇಷ್ಟಗಲವಾಯಿತು; ತಕ್ಷಣ ಅದನ್ನು ಬಿಗಿಹಿಡಿದು, ಖಾಲಿ ಕುರ್ಚಿಯ ಮೆತ್ತೆ ತಟ್ಟಿದಳು.

“ಕೂತ್ಕೋ. ಕೆಲಸಕ್ಕಲ್ಲ, ಸುಮ್ನೆ ಕೂತ್ಕೋ. ಈ ಅಂಗಡಿ ನಾನು ಹೇಗೆ ಹಾಕ್ದೆ ಅಂತ ನಿಂಗೆ ಯಾವತ್ತಾದ್ರೂ ಹೇಳಿದೀನಾ?”

ಹೇಳಿರಲಿಲ್ಲ. ಹುಡುಗಿ ಕೂತಳು. ಅಂಗಡಿ ಮುಚ್ಚುವ ಹೊತ್ತು ದಾಟಿದರೂ ಷಟರ್ ಅರ್ಧ ಇಳಿದೇ ನಿಂತಿತ್ತು, ಒಳಗಿನಿಂದ ಆಗಾಗ ಹೂಂ ಕೇಳಿಬರುತ್ತಿತ್ತು ಎಂದು ಪಕ್ಕದ ಅಂಗಡಿಯವರು ಅಮ್ಮನಿಗೆ ವರದಿ ಒಪ್ಪಿಸಿದರು.

ಈಗ ಅವಳಿಗೆ ಡೆಸ್ಕಿನ ಮೂಲೆಯಲ್ಲಿ ಒಂದು ಮೇಜಿದೆ, ಒಂದು ಕಾಲು ಅಲುಗುವ ಕುರ್ಚಿಯಿದೆ. ವಾರಕ್ಕೊಬ್ಬರ ಮನೆಗೆ ಹೋಗುತ್ತಾಳೆ, ಕೇಳಿಸಿಕೊಂಡು ಬಂದು ಬರೆಯುತ್ತಾಳೆ, ಅಚ್ಚಿಗೆ ಹೋಗುವ ಮುನ್ನ ಅವರಿಗೆ ಓದಿ ಹೇಳುತ್ತಾಳೆ. ಫ್ರಿಜ್ ಈಗಲೂ ಇದೆ, ಅದರ ಉಸ್ತುವಾರಿಯೂ ಅವಳದ್ದೇ. ಮೇಷ್ಟ್ರ ಲೇಖನದ ಪಕ್ಕದಲ್ಲಿ ಅವರ ಹೆಂಡತಿಯದೂ ಅಷ್ಟೇ ಉದ್ದದ ಒಂದು ಲೇಖನ ಸೇರಿದೆ. ಎರಡರಲ್ಲೂ ದಿನಾಂಕದ ಗೆರೆಗಳು ಹಾಗೇ ಖಾಲಿ ಇವೆ. ಆಗೊಮ್ಮೆ ಈಗೊಮ್ಮೆ ಅವಳು ಆ ಮನೆಗೆ ಫೋನ್ ಮಾಡುವುದುಂಟು. ಎತ್ತುವವರು ಯಾವಾಗಲೂ ಆಕೆಯೇ. ಯಾರೆಂದು ಕೇಳದೆಯೇ ದನಿ ಗುರುತು ಹಿಡಿದು ಒಳಗೆ ಕೂಗುತ್ತಾರೆ:

“ರೀ, ದಿನಾಂಕದವಳು ಫೋನ್ ಮಾಡಿದಾಳೆ. ಏನ್ ಹೇಳ್ಲಿ?”

ಚಪ್ಪಲಿ ಎಳೆಯುವ ಸದ್ದಿಗೂ ಮುಂಚೆ, ಕೊನೇ ಸಾಲಿಗೆ ಮುಟ್ಟುವ ಆ ದನಿ ಬರುತ್ತದೆ. “ಆ ಕಾರ್ಯಕ್ರಮಕ್ಕೆ ಸಭಾಭವನ ಖಾಲಿ ಸಿಕ್ಕಿಲ್ಲ, ಬುಕಿಂಗ್ ಇನ್ನೂ ಶುರುವಾಗಿಲ್ಲ ಅನ್ನು.”